ಸೈಟೇಶನ್ ಬೇರೆ, ರೆಫರೆನ್ಸ್ ಬೇರೆ

ಮೊದಲ ಸಲ ಸಂಶೋಧನಾ ಜರ್ನಲ್‌ಗೆ ಲೇಖನ ಕಳಿಸಿದಾಗ ಅದು ಎರಡೇ ದಿನದಲ್ಲಿ ವಾಪಸ್ ಬಂತು. ಅಷ್ಟು ಬೇಗ ಯಾರೂ ಅದನ್ನು ಓದಿರಲು ಸಾಧ್ಯವಿರಲಿಲ್ಲ. ‘ಸೈಟೇಶನ್‌ಗಳಿಗೂ ರೆಫರೆನ್ಸ್ ಲಿಸ್ಟ್‌ಗೂ ತಾಳೆಯಾಗುತ್ತಿಲ್ಲ, ಸರಿಪಡಿಸಿ ಕಳಿಸಿ’ ಎಂಬ ಒಂದು ಸಾಲು ಇತ್ತು, ಅಷ್ಟೇ. ಎರಡೂ ಒಂದೇ ಅಲ್ವಾ ಅಂದುಕೊಂಡಿದ್ದೆ ನಾನು.

ತಪ್ಪು ಪೂರ್ತಿ ನನ್ನದಲ್ಲ. ಕನ್ನಡದಲ್ಲಿ ಎರಡಕ್ಕೂ ‘ಉಲ್ಲೇಖ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಬಿಡಿಸಿ ನೋಡಿದರೆ ವಿಷಯ ಸುಲಭ. ಬರಹದ ನಡುವೆ ‘ಈ ಮಾತು ನನ್ನದಲ್ಲ, ಅವರದು’ ಎಂದು ತೋರಿಸುವ ಚಿಕ್ಕ ಗುರುತು ಸೈಟೇಶನ್. ಅದು ಬರೀ ಒಂದು ಅಂಕಿ ಇರಬಹುದು, ಕಂಸದೊಳಗೆ ಹೆಸರು ಮತ್ತು ಇಸವಿ ಇರಬಹುದು. ಅದೇ ಬರಹದ ಪೂರ್ತಿ ವಿಳಾಸ ಲೇಖನದ ಕೊನೆಯಲ್ಲಿ ಬಂದರೆ ಅದು ರೆಫರೆನ್ಸ್. ಇದಕ್ಕೆ ‘ಆಕರ’ ಎಂಬ ಪದ ನನಗೆ ಇಷ್ಟ. ಆಕರ ಅಂದರೆ ಗಣಿ. ‘ರತ್ನಾಕರ’ದಲ್ಲಿ ಇರುವುದೂ ಇದೇ ಪದ. ಮಾತನ್ನು ಎಲ್ಲಿಂದ ಅಗೆದು ತಂದಿರಿ ಎಂದು ಹೇಳುವ ಪಟ್ಟಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ?

‘ಗ್ರಂಥಸೂಚಿ’ಯನ್ನು ಇದರ ಜೊತೆ ಬೆರೆಸಬೇಡಿ. ಅದರಲ್ಲಿ ಸುಮ್ನೆ ಓದಿದ ಪುಸ್ತಕಕ್ಕೂ ಜಾಗ ಸಿಗುತ್ತದೆ. ಜರ್ನಲ್ ಲೇಖನದ ಆಕರಪಟ್ಟಿಯಲ್ಲಿ ಅಂಥ ಧಾರಾಳವಿಲ್ಲ. ಒಳಗೆ ಗುರುತು ಇಲ್ಲದ್ದು ಕೊನೆಯಲ್ಲಿ ಬರಬಾರದು, ಕೊನೆಯಲ್ಲಿ ಇಲ್ಲದ್ದಕ್ಕೆ ಒಳಗೆ ಗುರುತು ಹಾಕಬಾರದು. ನಾನು ಎಡವಿದ್ದು ಇಲ್ಲೇ. ಒಂದು ಪ್ಯಾರಾ ಅಳಿಸಿದ್ದೆ, ಅದರ ಮೂರು ಆಕರಗಳು ಪಟ್ಟಿಯಲ್ಲಿ ಹಾಗೇ ಉಳಿದಿದ್ದವು.

ಗುರುತನ್ನೂ ವಿಳಾಸವನ್ನೂ ಹೇಗೆ ಬರೆಯಬೇಕು ಎಂಬ ಕಟ್ಟುಪಾಡಿಗೆ ‘ಸ್ಟೈಲ್’ ಎನ್ನುತ್ತಾರೆ. ಸ್ಟೈಲ್‌ಗಳು ಸಾವಿರಾರಿವೆ, ಆದರೆ ವಿಜ್ಞಾನದಲ್ಲಿ ಬಳಸುವ ಬಹುಪಾಲು ಸ್ಟೈಲ್‌ಗಳು ಎರಡು ಮನೆತನಕ್ಕೆ ಸೇರಿದವು.

ಒಂದರಲ್ಲಿ ಹೆಸರು ಮತ್ತು ಇಸವಿ ಬರುತ್ತವೆ: (ವಾಟ್ಸನ್ ಮತ್ತು ಕ್ರಿಕ್, 1953). ಇದನ್ನು ಹಾರ್ವರ್ಡ್ ಸ್ಟೈಲ್ ಎನ್ನುವುದು ರೂಢಿ. ಆ ವಿಶ್ವವಿದ್ಯಾಲಯ ಇಂಥದ್ದೊಂದು ನಿಯಮಪುಸ್ತಕ ಹೊರಡಿಸಿದೆ ಎಂದು ಹುಡುಕಲು ಹೋಗಬೇಡಿ. ಅಲ್ಲಿ ಪ್ರಾಣಿಶಾಸ್ತ್ರಜ್ಞರಾಗಿದ್ದ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಗೊಂಡೆಹುಳುವಿನ ಮೊಟ್ಟೆಯ ಬಗ್ಗೆ ಬರೆದ ಲೇಖನದಲ್ಲಿ ಈ ರೀತಿ ಕಾಣಿಸಿಕೊಂಡಿತು, ಹೆಸರು ಹಾಗೇ ಅಂಟಿತು. ಅಮೆರಿಕದ ಮನಶ್ಶಾಸ್ತ್ರ ಸಂಘದ ಎಪಿಎ ಸ್ಟೈಲ್ ಕೂಡ ಇದೇ ಮನೆತನದ್ದು. 1929ರಲ್ಲಿ ಏಳು ಪುಟದ ಸೂಚನೆಯಾಗಿ ಶುರುವಾದದ್ದು ಈಗ ದಪ್ಪ ಪುಸ್ತಕ.

ಇನ್ನೊಂದು ಅಂಕಿಯ ಮನೆತನ. ವೈದ್ಯಕೀಯ ಜರ್ನಲ್‌ಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದರು. ಒಬ್ಬೊಬ್ಬರು ಒಂದೊಂದು ರೀತಿ ಕೇಳಿದರೆ ಬರೆಯುವವರ ಗತಿ ಏನು ಎಂದು ಕೂತು ಒಂದು ಒಪ್ಪಂದಕ್ಕೆ ಬಂದರು. ಅದೇ ವ್ಯಾಂಕೂವರ್ ಸ್ಟೈಲ್. ಮೊದಲು ಬಂದ ಆಕರಕ್ಕೆ 1, ಮುಂದಿನದಕ್ಕೆ 2, ಹೀಗೆ. 3 ಎಂದು ಒಮ್ಮೆ ಕೊಟ್ಟರೆ ಲೇಖನದಲ್ಲಿ ಎಲ್ಲಿ ಮತ್ತೆ ಬಂದರೂ ಅದು 3 ಮಾತ್ರ.

ಎರಡಕ್ಕೂ ಒಳ್ಳೆಯದು, ಕೆಟ್ಟದ್ದು ಇದೆ. ಹೆಸರು-ಇಸವಿ ಇದ್ದರೆ ಮಾತು ಎಷ್ಟು ಹಳೆಯದು ಎಂದು ಓದುವಾಗಲೇ ಗೊತ್ತಾಗುತ್ತದೆ, ಆದರೆ ಒಂದೇ ವಾಕ್ಯಕ್ಕೆ ಐದು ಆಕರ ಕೊಟ್ಟರೆ ವಾಕ್ಯವೇ ಕಾಣುವುದಿಲ್ಲ. ಅಂಕಿ ಜಾಗ ಉಳಿಸುತ್ತದೆ. ಆದರೆ ಕೈಯಲ್ಲಿ ಅಂಕಿ ಹಾಕಿದ್ದು, ಕೊನೇ ಗಳಿಗೆಯಲ್ಲಿ ಪೀಠಿಕೆಗೆ ಒಂದು ಆಕರ ಸೇರಿಸಬೇಕಾಗಿ ಬಂತು ಎನ್ನಿ. 4 ಇದ್ದದ್ದು 5, 5 ಇದ್ದದ್ದು 6... ರಾತ್ರಿಯಿಡೀ ಅದೇ ಕೆಲಸ. ಹಾಗಾಗಿ ಜೊಟೆರೊ, ಎಂಡ್‌ನೋಟ್, ಲಾಟೆಕ್ ಬಳಸುವವರಾದರೆ ಬಿಬ್‌ಟೆಕ್, ಹೀಗೆ ಆಕರ ನಿಭಾಯಿಸುವ ಸಾಫ್ಟ್‌ವೇರ್ ಯಾವುದಾದರೂ ಒಂದನ್ನು ಮೊದಲ ದಿನದಿಂದಲೇ ಹಿಡಿದುಕೊಳ್ಳಿ. ಅಂಕಿಗಳನ್ನು ಅದೇ ಬದಲಿಸಿಕೊಳ್ಳುತ್ತದೆ. ಸ್ಟೈಲ್ ಬದಲಿಸುವುದೂ ಒಂದು ಕ್ಲಿಕ್‌ನ ಕೆಲಸ.

ಇನ್ನು ವಿಳಾಸ. ಡಿಎನ್‌ಎ ರಚನೆಯ ಬಗ್ಗೆ ವಾಟ್ಸನ್ ಮತ್ತು ಕ್ರಿಕ್ ಬರೆದ ಆ ಪ್ರಸಿದ್ಧ ಲೇಖನಕ್ಕೆ ವ್ಯಾಂಕೂವರ್ ರೀತಿಯಲ್ಲಿ ಶೀರ್ಷಿಕೆಯ ನಂತರ ಬರುವ ಭಾಗ ಹೀಗಿರುತ್ತದೆ: ನೇಚರ್. 1953;171(4356):737-8. ಜರ್ನಲ್ ಹೆಸರು, ವರ್ಷ, ಸಂಪುಟ, ಕಂಸದಲ್ಲಿ ಸಂಚಿಕೆ, ಪುಟ. ಇದನ್ನೇ ಎಪಿಎಗೆ ಬರೆದರೆ ಇಸವಿ ಲೇಖಕರ ಹೆಸರಿನ ಪಕ್ಕಕ್ಕೆ ಹಾರುತ್ತದೆ. ಮಾಹಿತಿ ಅದೇ, ಜಾಗ ಬೇರೆ. ಅರ್ಧವಿರಾಮ, ಚುಕ್ಕಿಗಳ ಈ ಶಿಸ್ತು ಕಿರಿಕಿರಿ ಅನ್ನಿಸುತ್ತದೆ ನಿಜ. ನನಗೂ ಕೆಲವು ಸಲ ಇದು ಹಟ ಅನ್ನಿಸಿದೆ. ಈಗ ಕೆಲವು ಜರ್ನಲ್‌ಗಳು ಮೊದಲ ಸುತ್ತಿಗೆ ಯಾವ ಸ್ಟೈಲ್ ಆದರೂ ಸರಿ, ಉದ್ದಕ್ಕೂ ಒಂದೇ ಇರಲಿ ಎನ್ನುತ್ತವೆ. ಕಳಿಸುವ ಮೊದಲು ಆ ಜರ್ನಲ್‌ನ ‘ಲೇಖಕರಿಗೆ ಸೂಚನೆ’ ಪುಟ ಓದಿ, ಅದರಲ್ಲೇ ಬಂದ ಹೊಸ ಲೇಖನವೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಜರ್ನಲ್ ಹೆಸರನ್ನು ಮೊಟಕು ಮಾಡುವುದಕ್ಕೂ ಅಂತರರಾಷ್ಟ್ರೀಯ ನಿಯಮವಿದೆ, ಐಎಸ್‌ಒ 4 ಎಂದು. ‘ಜರ್ನಲ್’ ಎಂಬ ಪದ ಬರೀ ‘ಜೆ’ ಆಗುತ್ತದೆ. ನೇಚರ್, ಸೈನ್ಸ್‌ನಂಥ ಒಂದೇ ಪದದ ಹೆಸರನ್ನು ಮೊಟಕು ಮಾಡುವಂತಿಲ್ಲ. ಲೇಖಕರು ಜಾಸ್ತಿ ಇದ್ದಾಗ ಬರುವ ‘ಎಟ್ ಆಲ್’ ಲ್ಯಾಟಿನ್‌ನದು, ನಮ್ಮ ‘ಮತ್ತಿತರರು’. ಇಂಗ್ಲಿಷ್‌ನಲ್ಲಿ ಬರೆಯುವಾಗ ಚುಕ್ಕಿ ‘ಆಲ್’ ಆದ ಮೇಲೆ ಮಾತ್ರ, ಏಕೆಂದರೆ ಮೊಟಕಾಗಿರುವುದು ಅದು ಮಾತ್ರ. ಎಪಿಎಯ ಈಗಿನ ಏಳನೇ ಆವೃತ್ತಿಯಲ್ಲಿ ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲ ಸಲದಿಂದಲೇ ಒಳಗೆ ಹೀಗೆ ಬರೆಯಬಹುದು, ಕೊನೆಯ ಪಟ್ಟಿಯಲ್ಲಿ ಮಾತ್ರ ಇಪ್ಪತ್ತು ಹೆಸರಿನವರೆಗೆ ಎಲ್ಲರೂ ಬರಬೇಕು.

ವಿಳಾಸದ ತುದಿಗೆ ‘10.’ ಎಂದು ಶುರುವಾಗುವ ಉದ್ದನೆಯ ಗುರುತು ಕಾಣುತ್ತದಲ್ಲ, ಅದು ಡಿಒಐ (ಡಿಜಿಟಲ್ ಆಬ್ಜೆಕ್ಟ್ ಐಡೆಂಟಿಫೈಯರ್). ಜರ್ನಲ್‌ನ ವೆಬ್‌ಸೈಟ್ ಬದಲಾದರೂ ಲೇಖನದ ಡಿಒಐ ಬದಲಾಗುವುದಿಲ್ಲ. ಉಳಿದ ಚುಕ್ಕಿ-ಗೆರೆಗಳಿಗಿಂತ ಇದೊಂದು ಸರಿಯಿರುವುದು ಮುಖ್ಯ ಎಂದು ನನ್ನ ಅಭಿಪ್ರಾಯ.

ಯಾಕೆ ಅಂದರೆ, ವಾನ್ ಡೆರ್ ಗೀರ್ ಎಂಬ ಲೇಖಕರ ‘ವೈಜ್ಞಾನಿಕ ಲೇಖನ ಬರೆಯುವ ಕಲೆ’ ಎಂಬರ್ಥದ ಒಂದು ಆಕರವಿದೆ. ಇಸವಿ 2000, ಸಂಪುಟ 163, ಪುಟ 51ರಿಂದ 59. ಎಲ್ಲ ಅಚ್ಚುಕಟ್ಟು. ಆ ಲೇಖನವನ್ನು ಯಾರೂ ಬರೆದೇ ಇಲ್ಲ. ಅದು ಒಂದು ದೊಡ್ಡ ಪ್ರಕಾಶನ ಸಂಸ್ಥೆ ಲೇಖಕರಿಗೆ ಸ್ಟೈಲ್ ತೋರಿಸಲು ಕೊಟ್ಟ ಉದಾಹರಣೆ. ಮಾದರಿ ಕಡತದಲ್ಲಿದ್ದ ಆ ಸಾಲನ್ನು ಅಳಿಸಲು ಮರೆತವರು ಎಷ್ಟು ಜನವೋ, 2017ರ ಹೊತ್ತಿಗೆ ಅದಕ್ಕೆ ಸುಮಾರು 400 ಸೈಟೇಶನ್ ಜಮೆಯಾಗಿದ್ದವು! ಈಗ ಚಾಟ್‌ಬಾಟ್‌ಗಳೂ ಇಂಥ ಅಚ್ಚುಕಟ್ಟಾದ ಸುಳ್ಳು ಆಕರಗಳನ್ನು ಕ್ಷಣದಲ್ಲಿ ಹುಟ್ಟಿಸಿ ಕೊಡುತ್ತವೆ. ಸಾಫ್ಟ್‌ವೇರ್ ಚುಕ್ಕಿಗಳನ್ನು ಜೋಡಿಸುತ್ತದೆ, ಲೇಖನ ಇದೆಯೋ ಇಲ್ಲವೋ ನೋಡುವುದಿಲ್ಲ.

ನಾನೀಗ ಕಳಿಸುವ ಹಿಂದಿನ ದಿನ ಪಟ್ಟಿಯನ್ನು ಪ್ರಿಂಟ್ ತೆಗೆದು, ಪ್ರತಿ ಡಿಒಐಯನ್ನೂ ತೆರೆದು ಟಿಕ್ ಹಾಕುತ್ತೇನೆ. ಐವತ್ತು ಆಕರಕ್ಕೆ ಒಂದು ಗಂಟೆ ಸಾಕು.