ಹಳೇ ಫಿಯೆಟ್‌ನ ತುಕ್ಕು: ತಗಡು ಕತ್ತರಿಸುವ ಮೊದಲು ನೀರಿನ ದಾರಿ ನೋಡಿ

ಹಳೇ ಕಾರಿನ ಬಾಡಿ ಕೆಲಸ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ನಾನೂ ಇನ್ನೂ ಕಲಿಯುತ್ತಿರುವವನೇ. ಎರಡು ವರ್ಷದಿಂದ ಪ್ರತಿ ಭಾನುವಾರ ನಮ್ಮ ಮಾವನ ಪ್ರೀಮಿಯರ್ ಪದ್ಮಿನಿಯ (ಜನ ಫಿಯೆಟ್ ಅಂತಲೇ ಕರೆಯುವ ಕಾರು) ಮೇಲೆ ಕೆಲಸ ಮಾಡುತ್ತಿದ್ದೇನೆ. ಸುರತ್ಕಲ್‌ನಲ್ಲಿ, ಸಮುದ್ರಕ್ಕೆ ನಡೆದುಹೋಗುವಷ್ಟು ಹತ್ತಿರದ ಮನೆಯ ಶೆಡ್ಡಿನಲ್ಲಿ ಈ ಕಾರು ಹನ್ನೊಂದು ಮಳೆಗಾಲ ನಿಂತಿತ್ತು. ಎಂಜಿನ್ ಎರಡೇ ವಾರದಲ್ಲಿ ಸ್ಟಾರ್ಟ್ ಆಯಿತು. ಉಳಿದ ಸಮಯವೆಲ್ಲ ಹೋದದ್ದು ತುಕ್ಕಿಗೆ.

ಮೊದಲ ದಿನ ನಾನು ಗ್ರೈಂಡರ್ ಹಿಡಿದುಕೊಂಡೇ ಹೊರಟಿದ್ದೆ. ನನಗೆ ಕೆಲಸ ಕಲಿಸುವ ಟಿಂಕರಿಂಗ್ ಮೇಸ್ತ್ರಿ ತಡೆದರು. "ಮಾರಾಯ, ತೂತು ಎಲ್ಲುಂಟು ಅಂತ ಆಮೇಲೆ ನೋಡುವ. ನೀರು ಎಲ್ಲಿ ನಿಲ್ತದೆ ಅಂತ ಮೊದಲು ನೋಡು" ಅಂದರು. ಇಡೀ ಕೆಲಸದಲ್ಲಿ ನಾನು ಕಲಿತದ್ದರ ಮೂಲ ಇದೇ. ತೂತಿಗೆ ತೇಪೆ ಹಾಕಿ ನೀರಿನ ದಾರಿ ಹಾಗೇ ಬಿಟ್ಟರೆ ಎರಡೋ ಮೂರೋ ಮಳೆಗಾಲಕ್ಕೆ ಅದೇ ಜಾಗ ಮತ್ತೆ ಹೋಗುತ್ತದೆ.

ತುಕ್ಕು ಹೇಗೆ ತಿನ್ನುತ್ತದೆ

ಕಬ್ಬಿಣ, ನೀರು, ಆಮ್ಲಜನಕ ಸೇರಿದರೆ ತುಕ್ಕು. ಇಷ್ಟು ಶಾಲೆಯಲ್ಲೇ ಓದಿದ್ದೇವೆ. ಆದರೆ ಒಂದೇ ತಗಡಿನಲ್ಲಿ ಒಂದು ಜಾಗ ತೂತಾಗಿ, ಅದರ ಪಕ್ಕದ ಜಾಗ ಗಟ್ಟಿಯಾಗಿ ಉಳಿಯುವುದು ಯಾಕೆ? ಇದು ಗೊತ್ತಾದರೆ ಎಲ್ಲಿ ಹುಡುಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ತುಕ್ಕು ಒಂದು ಸಣ್ಣ ಬ್ಯಾಟರಿಯ ಹಾಗೆ ನಡೆಯುತ್ತದೆ. ತಗಡಿನ ಒಂದು ಭಾಗ ಕರಗುತ್ತದೆ, ಇನ್ನೊಂದು ಭಾಗ ಉಳಿಯುತ್ತದೆ, ಎರಡನ್ನೂ ಸೇರಿಸುವ ಕೆಲಸ ನೀರಿನದು. ಕರಗುವುದು ಯಾವ ಭಾಗ ಗೊತ್ತಾ? ಗಾಳಿ ಚೆನ್ನಾಗಿ ಆಡುವ ಕಡೆ ಅಲ್ಲ, ಆಮ್ಲಜನಕ ಕಡಿಮೆ ಸಿಗುವ ಕಡೆ. ಅಂದರೆ ಮಡ್‌ಗಾರ್ಡ್ ಒಳಗೆ ಅಂಟಿಕೊಂಡ ಕೆಸರಿನ ಅಡಿ, ಎರಡು ತಗಡುಗಳ ನಡುವಿನ ಸಂದಿ, ಕಾರ್ಪೆಟ್ ಅಡಿಯ ಒದ್ದೆ ಫೆಲ್ಟ್, ರಬ್ಬರ್ ಬೀಡಿಂಗ್‌ನ ಒಳಗೆ. ನಾವು ಹೊರಗಿನಿಂದ ಕಾರು ತೊಳೆದು ಒರೆಸಿ ಪಾಲಿಶ್ ಮಾಡುತ್ತೇವೆ. ತಿನ್ನುವ ಕೆಲಸ ಮಾತ್ರ ಕೈ ಹೋಗದ ಕಡೆಯೇ ನಡೆಯುತ್ತಿರುತ್ತದೆ.

ಇದಕ್ಕೆ ನಮ್ಮ ಕರಾವಳಿಯ ಉಪ್ಪು ಸೇರುತ್ತದೆ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ಮಳೆಗಾಲಕ್ಕೆ ಏನಾಗುತ್ತದೆ ನೋಡಿದ್ದೀರಲ್ವಾ, ಅದೇ. ಮಂಗಳೂರು, ಉಡುಪಿ ಕಡೆ ವರ್ಷದ ಹೆಚ್ಚಿನ ದಿನ ಬೆಳಗಿನ ತೇವಾಂಶ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಹಾಗಾಗಿ ಮಳೆ ಬಾರದಿದ್ದರೂ, ಶೆಡ್ಡಿನೊಳಗೆ ನಿಲ್ಲಿಸಿದ್ದರೂ, ಉಪ್ಪು ಕೂತ ತಗಡು ಒದ್ದೆಯಾಗಿಯೇ ಇರುತ್ತದೆ. ಸಮುದ್ರದ ಗಾಳಿ ಒಂದೇ ಅಲ್ಲ. ಮಲ್ಪೆ ಕಡೆಯಿಂದ ಬರುವ ಮೀನಿನ ಲಾರಿಯ ಹಿಂದೆ ಹೆದ್ದಾರಿಯಲ್ಲಿ ಹೋಗಿದ್ದರೆ ಗೊತ್ತಿರುತ್ತದೆ, ಅದರಿಂದ ಸೋರುವ ಉಪ್ಪುನೀರೆಲ್ಲ ಹಿಂದಿನ ಗಾಡಿಯ ಅಡಿಗೇ ಸಿಡಿಯುತ್ತದೆ.

ಇನ್ನೊಂದು ವಿಷಯ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಪೇಂಟ್ ಗುಳ್ಳೆ ಏಳುವುದು, ಸ್ಪಾಟ್ ವೆಲ್ಡ್ (ಎರಡು ತಗಡುಗಳನ್ನು ಚುಕ್ಕೆ ಚುಕ್ಕೆಯಾಗಿ ಬೆಸೆಯುವುದು) ಮಾಡಿದ ಸಂದಿ ಉಬ್ಬಿ ಬಾಯಿ ಬಿಡುವುದು ಇದರಿಂದಲೇ. ಹೊರಗೆ ಒಂದು ಕಡಲೆಬೇಳೆ ಗಾತ್ರದ ಗುಳ್ಳೆ ಕಂಡರೆ ಒಳಗೆ ಅಂಗೈ ಅಗಲ ಹೋಗಿರಬಹುದು ಅಂದುಕೊಂಡೇ ಕೆಲಸ ಶುರು ಮಾಡಿ. ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಕೆಂಪಾಗಿರುವುದೂ ಕಬ್ಬಿಣದ ಆಕ್ಸೈಡಿನಿಂದಲೇ. ಶೆಡ್ಡಿನ ನೆಲದ ಮೇಲೆ ಉದುರಿದ ತುಕ್ಕನ್ನೂ ಅಂಗಳದ ಮಣ್ಣನ್ನೂ ಒಂದೊಂದು ಮುಷ್ಟಿ ಹಿಡಿದು ನೋಡಿದೆ, ಬಣ್ಣದಲ್ಲಿ ಬೇರೆ ಮಾಡಲು ಆಗಲಿಲ್ಲ.

ಹುಡುಕುವುದು, ಮತ್ತು ಒಂದು ಬಾಗಿಲಿನ ಕಥೆ

ಬೇಕಾದ್ದು ಮೂರೇ ಸಾಮಾನು: ಸಣ್ಣ ಸುತ್ತಿಗೆ, ಹಳೇ ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ. ಒಳ್ಳೆಯ ತಗಡು ಬಡಿದರೆ ಟಣ್ ಅನ್ನುತ್ತದೆ, ಕೊಳೆತದ್ದು ದಪ್ ಅನ್ನುತ್ತದೆ. ಅಯಸ್ಕಾಂತ ಸರಿಯಾಗಿ ಹಿಡಿಯದಿದ್ದರೆ ಅಲ್ಲಿ ಪುಟ್ಟಿ (ತಗ್ಗು ತುಂಬಲು ಮೆತ್ತುವ ಪೇಸ್ಟ್) ದಪ್ಪಗೆ ಇದೆ ಅಂತ ಅರ್ಥ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್‌ನಿಂದ ಒತ್ತಿ. ತೂತಾದರೆ ಬೇಸರ ಮಾಡಬೇಡಿ, ಅದು ಮೊದಲೇ ಹೋಗಿತ್ತು.

ನಮ್ಮ ಕಾರಿನ ಡ್ರೈವರ್ ಬದಿಯ ಬಾಗಿಲು ಹೊರಗೆ ನೋಡಲು ಚೆನ್ನಾಗಿಯೇ ಇತ್ತು. ಕೆಳಗಿನ ಅಂಚಿನಲ್ಲಿ ಅಯಸ್ಕಾಂತ ಜಾರಿತು. ಪೇಂಟ್ ಕೆರೆದೆ. ಅಡಿಯಲ್ಲಿ ಗುಲಾಬಿ ಬಣ್ಣದ ಪುಟ್ಟಿ, ಅದರ ಅಡಿಯಲ್ಲಿ ಬೂದು ಬಣ್ಣದ ಇನ್ನೊಂದು ಪುಟ್ಟಿ, ಅದರ ಹಿಂದೆ ಸೊಳ್ಳೆ ಬಲೆಯಂಥ ತಂತಿಜಾಲ. ಒಟ್ಟು ದಪ್ಪ ಅಳೆದೆ, 9 ಮಿಲಿಮೀಟರ್. ಎಷ್ಟೋ ವರ್ಷದ ಹಿಂದೆ ಯಾವುದೋ ಗ್ಯಾರೇಜಿನವರು ತೂತಿಗೆ ಜಾಲರಿ ಇಟ್ಟು ಮೆತ್ತಿದ್ದರು. ಅದಕ್ಕಿಂತ ದೊಡ್ಡ ತಪ್ಪು ಒಳಗಿತ್ತು. ಬಾಗಿಲಿನ ಅಡಿಯಲ್ಲಿ ನೀರು ಹೊರಹೋಗಲು ಇರುವ ಸಣ್ಣ ತೂತುಗಳೂ ಅದೇ ಪುಟ್ಟಿಯಲ್ಲಿ ಮುಚ್ಚಿ ಹೋಗಿದ್ದವು. ಕಿಟಕಿಯ ಗಾಜಿನ ಪಕ್ಕದಿಂದ ಮಳೆನೀರು ಬಾಗಿಲಿನೊಳಗೆ ಇಳಿಯುವುದು ಯಾವ ಕಾರಿನಲ್ಲೂ ಇದ್ದದ್ದೇ. ಇಳಿದದ್ದು ಕೆಳಗೆ ಸೋರಿ ಹೋಗಬೇಕು. ಇಲ್ಲಿ ಹೋಗಲು ದಾರಿಯೇ ಇರಲಿಲ್ಲ. ರಿಪೇರಿಯೇ ಬಾಗಿಲನ್ನು ಕೊಂದಿತ್ತು.

ಪುಟ್ಟಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ. ಅದು ಸಣ್ಣ ತಗ್ಗು ಸಮ ಮಾಡಲು ಮಾತ್ರ, ಹೆಚ್ಚೆಂದರೆ 3 ಮಿಲಿಮೀಟರ್. ತುಕ್ಕಿನ ಮೇಲೆ ಮೆತ್ತುವುದು ರಿಪೇರಿ ಅಲ್ಲ, ಮುಚ್ಚಿಡುವುದು.

ಕತ್ತರಿಸುವ ಮೊದಲು

ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿಸ್, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಇಲ್ಲ. ಇದರ ಮೂಲ ಇಟಲಿಯ ಫಿಯೆಟ್ 1100. 1953ರಲ್ಲಿ ಬಂದ ಮಾದರಿಯಿಂದಲೇ ಅದಕ್ಕೆ ಬಾಡಿಯೇ ಚಾಸಿಸ್. ನಮ್ಮಲ್ಲಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಬಂತು, 1974ರಲ್ಲಿ ಪದ್ಮಿನಿ ಅನ್ನುವ ಹೆಸರು ಪಡೆಯಿತು. ಇತಿಹಾಸ ಇಲ್ಲಿ ಯಾಕೆ ಅಂದರೆ, ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಈ ಕಾರಿನಲ್ಲಿ ಸುಮ್ನೆ ಅಲಂಕಾರಕ್ಕೆ ಇರುವುದಲ್ಲ, ಕಾರಿನ ಬೆನ್ನುಮೂಳೆಯೇ ಅದು. ಆಧಾರ ಕೊಡದೆ ಸಿಲ್ ಕತ್ತರಿಸಿದರೆ ನಡುವೆ ಕಾರು ಬಾಗುತ್ತದೆ, ಮತ್ತೆ ಬಾಗಿಲು ಸರಿಯಾಗಿ ಕೂರುವುದಿಲ್ಲ.

ಅದಕ್ಕೇ ಮೊದಲು ಸಮತಟ್ಟಾದ ನೆಲದಲ್ಲಿ ನಾಲ್ಕು ಕಡೆ ಗಟ್ಟಿ ಸ್ಟ್ಯಾಂಡ್ ಕೊಡಿ. ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪ್ ಟ್ಯಾಕ್ ಮಾಡಿ (ಆಮೇಲೆ ತೆಗೆಯಲು ಆಗುವಂತೆ ಸಣ್ಣ ಚುಕ್ಕೆ ವೆಲ್ಡ್). ಬಾಗಿಲು ಮತ್ತು ಬಾಡಿಯ ನಡುವಿನ ಸಂದಿಯನ್ನು ನಾಲ್ಕೈದು ಕಡೆ ಅಳೆದು ಬರೆದಿಡಿ. ಒಂದು ಸಲಕ್ಕೆ ಒಂದೇ ಬದಿ. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ, ಸೀಟು ಮತ್ತು ರೂಫ್ ಬಟ್ಟೆ ತೆಗೆಯಿರಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಪೆಟ್ರೋಲ್ ಆವಿ ಇರುತ್ತದೆ. ಚಾಸಿಸ್ ನಂಬರ್ ಕೊರೆದ ಜಾಗವನ್ನು ಗ್ರೈಂಡರ್ ಮುಟ್ಟಲೇಬಾರದು, ಆರ್‌ಟಿಒದಲ್ಲಿ ಕಾರಿನ ಗುರುತು ಅದೇ.

ಇನ್ನೊಂದು ಕೆಲಸ ಎಲ್ಲರೂ ಬಿಡುತ್ತಾರೆ: ಸಿಹಿನೀರಿನಲ್ಲಿ ತೊಳೆಯುವುದು. ಅಡಿಭಾಗ, ಮಡ್‌ಗಾರ್ಡ್ ಒಳಗೆ, ಬಾಗಿಲಿನೊಳಗೆ, ಎರಡು ಮೂರು ಸಲ ತೊಳೆದು ಬಿಸಿಲಿಗೆ ಒಣಗಿಸಿ. ತುಕ್ಕು ಹಿಡಿದ ಜಾಗ ಕೆರೆದ ಮೇಲೆ ಅಲ್ಲಿ ಮತ್ತೊಮ್ಮೆ ತೊಳೆಯಿರಿ. ಉಪ್ಪು ತುಕ್ಕಿನ ಗುಂಡಿಗಳ ಆಳದಲ್ಲಿ ಕೂತಿರುತ್ತದೆ, ಬ್ರಷ್‌ಗೆ ಸಿಗುವುದಿಲ್ಲ, ನೀರಿಗೆ ಸಿಗುತ್ತದೆ.

ತೇಪೆ ಮತ್ತು ವೆಲ್ಡಿಂಗ್

ಕೊಳೆತ ಭಾಗದಿಂದ ಹೊರಕ್ಕೆ, ಹೊಳೆಯುವ ಪೂರ್ತಿ ದಪ್ಪದ ತಗಡು ಸಿಗುವ ತನಕ ಕತ್ತರಿಸಿ. ನಾನು ಅದರಿಂದಲೂ ಎರಡು ಸೆಂಟಿಮೀಟರ್ ಮುಂದೆ ಹೋಗುತ್ತೇನೆ. ತೆಳುವಾದ ಅಂಚಿಗೆ ವೆಲ್ಡ್ ನಿಲ್ಲುವುದಿಲ್ಲ, ಮುಟ್ಟಿದ ಕೂಡಲೇ ಕರಗಿ ತೂತು ದೊಡ್ಡದಾಗುತ್ತದೆ. ರಟ್ಟಿನಲ್ಲಿ ಅಚ್ಚು ಮಾಡಿ, ಅದನ್ನು ತಗಡಿನ ಮೇಲಿಟ್ಟು ಗೀರಿ. ತೇಪೆಯ ಮೂಲೆಗಳು ಗುಂಡಗಿರಲಿ. ಹೊರ ಬಾಡಿಗೆ 20 ಗೇಜ್ ಸಿಆರ್ ಶೀಟ್ (ಕೋಲ್ಡ್ ರೋಲ್ಡ್ ಉಕ್ಕಿನ ತಗಡು) ಸಾಕು, ಸುಮಾರು 0.9 ಮಿಲಿಮೀಟರ್. ಸಿಲ್ ಮತ್ತು ಜ್ಯಾಕ್ ಕೊಡುವ ಜಾಗಕ್ಕೆ 18 ಗೇಜ್. ಸತು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯುವುದಿಲ್ಲ ಅಂತ ಆಸೆ ಪಡಬೇಡಿ. ವೆಲ್ಡ್ ಮಾಡಿದಲ್ಲಿ ಸತು ಸುಟ್ಟು ಹೋಗುತ್ತದೆ, ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ತೇಪೆಯನ್ನು ಹಳೇ ತಗಡಿನ ಮೇಲೆ ಹೊದಿಸಿ ವೆಲ್ಡ್ ಮಾಡುವುದು ಸುಲಭ. ಆದರೆ ಹೊದಿಸಿದ ಕಡೆ ಎರಡು ತಗಡುಗಳ ನಡುವೆ ಸಂದಿ ಆಗುತ್ತದೆ, ಸಂದಿಯಲ್ಲಿ ಏನಾಗುತ್ತದೆ ಅಂತ ಮೇಲೆಯೇ ಹೇಳಿದೆ. ಹಾಗಾಗಿ ಹೊರಗೆ ಕಾಣುವ ಪ್ಯಾನೆಲ್‌ಗೆ ಅಂಚಿಗೆ ಅಂಚು ಕೂರಿಸಿ, ನಡುವೆ ಒಂದು ಮಿಲಿಮೀಟರಿನಷ್ಟು ಬಿಡಿ. ಕಂಪನಿಯವರೇ ಒಂದರ ಮೇಲೊಂದು ಇಟ್ಟು ಸ್ಪಾಟ್ ವೆಲ್ಡ್ ಮಾಡಿದ ಕಡೆ ಮಾತ್ರ ಹಾಗೇ ಮಾಡಿ. ಹೊಸ ತಗಡಿನಲ್ಲಿ 6ರಿಂದ 8 ಮಿಲಿಮೀಟರಿನ ತೂತು ಕೊರೆದು ಅದರೊಳಗೆ ವೆಲ್ಡ್ ತುಂಬಿಸಿ, ನಡುವೆ ಸತುವಿನ ಪ್ರೈಮರ್ ಹಚ್ಚಿರಿ.

ಮಿಗ್ ವೆಲ್ಡಿಂಗ್‌ಗೆ (ತಂತಿ ತಾನಾಗಿ ಮುಂದೆ ಬರುವ ಕರೆಂಟ್ ವೆಲ್ಡಿಂಗ್) 0.6 ಅಥವಾ 0.8 ಮಿಲಿಮೀಟರ್ ತಂತಿ. ಉದ್ದಕ್ಕೆ ಎಳೆದುಕೊಂಡು ಹೋಗಲೇಬಾರದು. ಮೊದಲು ನಾಲ್ಕು ಮೂಲೆಗೆ ಒಂದೊಂದು ಚುಕ್ಕೆ. ಆಮೇಲೆ ಅವುಗಳ ನಡುವೆ. ಒಂದು ಚುಕ್ಕೆ ಇಲ್ಲಿ, ಮುಂದಿನದು ಎದುರು ಬದಿಯಲ್ಲಿ. ಬರಿಗೈ ಇಡಲು ಆಗುವಷ್ಟು ತಣ್ಣಗಾದ ಮೇಲೆಯೇ ಪಕ್ಕದ ಚುಕ್ಕೆ. ನನ್ನ ಮೊದಲ ತೇಪೆಯಲ್ಲಿ ನಾನು ಅವಸರ ಮಾಡಿದೆ, ಮಡ್‌ಗಾರ್ಡ್ ಕಣ್ಣೆದುರೇ ಹಪ್ಪಳದ ಹಾಗೆ ಸೊಟ್ಟಗಾಯಿತು, ಅದನ್ನು ಸುತ್ತಿಗೆ ಮತ್ತು ಡಾಲಿ (ತಗಡಿನ ಹಿಂದೆ ಹಿಡಿಯುವ ಕಬ್ಬಿಣದ ಗಟ್ಟಿ) ಇಟ್ಟು ಸರಿ ಮಾಡಲು ಎರಡು ಭಾನುವಾರ ಹೋಯಿತು. ನಮ್ಮ ಮೇಸ್ತ್ರಿ ಗ್ಯಾಸ್ ವೆಲ್ಡಿಂಗ್‌ನಲ್ಲೇ ಇದೆಲ್ಲ ಮಾಡುತ್ತಾರೆ, ಅವರ ಕೈಯಲ್ಲಿ ತಗಡು ಅಲುಗುವುದಿಲ್ಲ. ಆದರೆ ಗ್ಯಾಸ್‌ನ ಬಿಸಿ ಜಾಸ್ತಿ ಜಾಗಕ್ಕೆ ಹರಡುತ್ತದೆ, ಕಲಿಯುವವರಿಗೆ ಮಿಗ್ ಒಳ್ಳೆಯದು.

ಅದೇ ದಿನ ಪ್ರೈಮರ್

ಬೆಂಗಳೂರಿನಲ್ಲಿ ಕೆಲಸ ಕಲಿತವರ ವೀಡಿಯೊ ನೋಡಿ ನಾನು ಮೋಸ ಹೋದದ್ದು ಇಲ್ಲಿ. ಅವರು ಶನಿವಾರ ಉಜ್ಜಿ ಭಾನುವಾರ ಪ್ರೈಮರ್ ಹೊಡೆಯುತ್ತಾರೆ. ನಮ್ಮಲ್ಲಿ ಬರಿ ತಗಡು ಒಂದು ರಾತ್ರಿ ಕಳೆದರೆ ಬೆಳಿಗ್ಗೆ ಅದರ ಮೇಲೆ ಕಿತ್ತಳೆ ಬಣ್ಣದ ತೆಳು ಪೊರೆ ಕೂತಿರುತ್ತದೆ. ಅದಕ್ಕೇ ಸಣ್ಣ ಸಣ್ಣ ಭಾಗ ಮಾಡಿಕೊಳ್ಳಿ: ಬೆಳಿಗ್ಗೆ ಉಜ್ಜಿ, ಬಿಸಿಲು ಏರಿದ ಮೇಲೆ ಥಿನ್ನರ್‌ನಿಂದ ಒರೆಸಿ, ಮಧ್ಯಾಹ್ನದೊಳಗೆ ಎಪಾಕ್ಸಿ ಪ್ರೈಮರ್. ತೇವಾಂಶ 85 ಶೇಕಡಾ ದಾಟಿದ್ದರೆ ಪೇಂಟ್ ಡಬ್ಬ ತೆರೆಯಬೇಡಿ. ಪೇಂಟ್ ಕೆಲಸವೆಲ್ಲ ಪತ್ತನಾಜೆಯ (ಮೇ ಕೊನೆಗೆ, ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ದಿನ) ಮೊದಲು ಮುಗಿಯಬೇಕು ಅಂತ ನಮ್ಮ ಲೆಕ್ಕ. ಜೋರು ಮಳೆಯ ಆಟಿ ತಿಂಗಳಲ್ಲಿ ಬೇಕಾದರೆ ಬಿಚ್ಚಿದ ಸಣ್ಣ ಸಾಮಾನು ತೊಳೆಯುತ್ತಾ ಕೂರಬಹುದು.

ವೈರ್ ಬ್ರಷ್‌ನಿಂದ ಉಜ್ಜಿದಾಗ ಹೊಳೆಯುವುದೆಲ್ಲ ಶುದ್ಧ ಕಬ್ಬಿಣ ಅಲ್ಲ. ಕಪ್ಪು ಚುಕ್ಕೆಗಳು ಉಳಿದಿದ್ದರೆ ಅದು ಪಾಲಿಶ್ ಆದ ತುಕ್ಕು. ಅಂಥಲ್ಲಿ ಕನ್ವರ್ಟರ್, ಅಂದರೆ ತುಕ್ಕನ್ನು ಬೇರೆ ವಸ್ತುವಾಗಿ ಬದಲಿಸುವ ದ್ರವ, ಹಚ್ಚುತ್ತಾರೆ. ಅದರಲ್ಲಿ ಎರಡು ಬಗೆ. ಫಾಸ್ಫರಿಕ್ ಆಮ್ಲದ್ದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ. ಟ್ಯಾನಿನ್ ಇರುವುದು ಅದನ್ನು ನೀಲಿಗಪ್ಪು ಮಾಡುತ್ತದೆ. ಹಿಂದೆ ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ. ಎರಡೂ ತೆಳುವಾದ ತುಕ್ಕಿಗೆ ಮಾತ್ರ, ಪದರ ಪದರವಾಗಿ ಏಳುವ ತುಕ್ಕಿಗೆ ಅಲ್ಲ. ಆಮ್ಲದ್ದು ಹಚ್ಚಿದರೆ ಪೂರ್ತಿ ತೊಳೆದು ಒಣಗಿಸಿಯೇ ಎಪಾಕ್ಸಿ ಹೊಡೆಯಿರಿ, ಆಮ್ಲ ಉಳಿದರೆ ಎಪಾಕ್ಸಿ ಹಿಡಿಯುವುದಿಲ್ಲ. ಪುಟ್ಟಿ ಬೇಕಾದರೆ ಎಪಾಕ್ಸಿಯ ಮೇಲೆ. ಹಾರ್ಡ್‌ನರ್ ಬೆರೆಸುವ ಪೇಂಟ್ ಹೊಡೆಯುವಾಗ ಧೂಳಿನ ಮಾಸ್ಕ್ ಸಾಲದು, ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು.

ಬಿಚ್ಚಿದ ಬ್ರಾಕೆಟ್, ಹಿಂಜ್‌ಗಳಿಗೆ ಎಲೆಕ್ಟ್ರಾಲಿಸಿಸ್ ಒಳ್ಳೆಯದು. ಪ್ಲಾಸ್ಟಿಕ್ ಬಕೆಟ್, ನೀರು, ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್. ನೆಗೆಟಿವ್ ಸಾಮಾನಿಗೆ, ಪಾಸಿಟಿವ್ ಒಂದು ಗುಜರಿ ಕಬ್ಬಿಣದ ತುಂಡಿಗೆ. ಸ್ಟೀಲ್ ಚಮಚ, ತಟ್ಟೆ ಹಾಕಬೇಡಿ, ಅದರಲ್ಲಿರುವ ಕ್ರೋಮಿಯಂ ವಿಷವಾಗುತ್ತದೆ. ಹೈಡ್ರೋಜನ್ ಏಳುತ್ತದೆ, ಅಂಗಳದಲ್ಲೇ ಮಾಡಿ.

ಒಳಗಿನ ಬದಿ

ವೆಲ್ಡ್ ಮಾಡಿದ ಸಿಲ್‌ನ ಹೊರಗೆ ಎಷ್ಟು ಚೆನ್ನಾಗಿ ಪೇಂಟ್ ಹೊಡೆದರೂ ಒಳಬದಿಯಲ್ಲಿ ವೆಲ್ಡ್ ಬಿಸಿಗೆ ಪ್ರೈಮರ್ ಸುಟ್ಟಿರುತ್ತದೆ. ಹೊಸ ತಗಡು ಸಾಯಲು ಶುರುವಾಗುವುದು ಅಲ್ಲಿಂದಲೇ. ಪೇಂಟ್ ಒಣಗಿ ಎರಡು ಮೂರು ವಾರ ಆದ ಮೇಲೆ ಉದ್ದ ನಳಿಕೆ ಹಾಕಿ ಒಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗದ ಒಳಗೆ ಹೊಡೆಯುವ ಮೇಣ) ಹೊಡೆಯಿರಿ, ಅದು ಸಂದಿಗಳಿಗೆ ತಾನಾಗಿ ಹರಿದು ಹೋಗುತ್ತದೆ. ಹಳೇ ಎಂಜಿನ್ ಆಯಿಲ್ ಸುರಿಯುವ ಪದ್ಧತಿ ಇಲ್ಲಿ ಇನ್ನೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಎಂಜಿನ್‌ನಲ್ಲಿ ಸುಟ್ಟ ಆಯಿಲ್‌ನಲ್ಲಿ ಆಮ್ಲ ಇರುತ್ತದೆ, ರಬ್ಬರ್ ಹಾಳಾಗುತ್ತದೆ, ಸೋರಿದ್ದು ಬಾವಿಯ ಸುತ್ತಲಿನ ಮಣ್ಣಿಗೆ ಇಳಿಯುತ್ತದೆ. ವ್ಯಾಕ್ಸ್ ಹೊಡೆದ ಮೇಲೆ ನೀರು ಹೋಗುವ ತೂತುಗಳಿಗೆ ಒಂದು ತಂತಿ ತೂರಿಸಿ, ವ್ಯಾಕ್ಸ್ ಕಟ್ಟಿಕೊಂಡಿರುತ್ತದೆ.

ಈ ಮೇ ತಿಂಗಳಲ್ಲಿ ಬಾಗಿಲು ಕೂರಿಸಿದ ದಿನ ಮೇಸ್ತ್ರಿ ಬಂದರು. ಪೇಂಟ್ ನೋಡಲಿಲ್ಲ. ಒಂದು ಚೊಂಬು ನೀರು ತರಿಸಿ ಕಿಟಕಿ ಗಾಜಿನ ಪಕ್ಕದಲ್ಲಿ ನಿಧಾನ ಸುರಿದರು, ಆಮೇಲೆ ಕುಕ್ಕರಗಾಲಲ್ಲಿ ಕೂತು ಬಾಗಿಲಿನ ಅಡಿ ನೋಡಿದರು. ಮೂರು ತೂತಿನಲ್ಲಿ ಎರಡರಿಂದ ನೀರು ಬಂತು. ಮೂರನೆಯದನ್ನು ತಂತಿಯಿಂದ ಬಿಡಿಸಿ ಇನ್ನೊಂದು ಚೊಂಬು ಸುರಿದೆವು.