ಸಾರ್ವಜನಿಕ ವೈಫೈ: ಒಟಿಪಿ ಕೇಳುವ ನಿಯಮ ಎಲ್ಲಿಂದ ಬಂತು?

ರೈಲು ನಿಲ್ದಾಣದ ವೈಫೈ ಮೊದಲು ಕೇಳುವುದು ಮೊಬೈಲ್ ಸಂಖ್ಯೆಯನ್ನು. ಒಟಿಪಿ ಬಂದು, ಅದನ್ನು ತುಂಬಿದ ಮೇಲಷ್ಟೇ ಇಂಟರ್ನೆಟ್. ಭಾರತದ ಸಿಮ್ ಇಲ್ಲದ ಪ್ರವಾಸಿ ಎಷ್ಟೋ ಸಲ ಅಲ್ಲೇ ಸೋಲುತ್ತಾನೆ.

ಇದರ ಬೇರು 2008ರಲ್ಲಿದೆ. ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಸ್ಫೋಟ ನಡೆಯುವ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಬೆದರಿಕೆಯ ಇಮೇಲ್ ಬಂದಿತ್ತು. ತನಿಖೆಯ ಜಾಡು ಹೋಗಿ ನಿಂತದ್ದು ನವಿ ಮುಂಬೈನ ಮನೆಯೊಂದರ ಅಸುರಕ್ಷಿತ ವೈಫೈ ಬಳಿ. ಮರುವರ್ಷ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ಆದೇಶಿಸಿತು: ಬಳಕೆದಾರರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ, ಇಲ್ಲವೇ ಮೊಬೈಲಿಗೆ ಎಸ್‌ಎಂಎಸ್ ಮೂಲಕ ಪಾಸ್‌ವರ್ಡ್ ಕಳಿಸಿ. ಎರಡನೆಯದೇ ಸುಲಭ; ಅದೇ ರೂಢಿಯಾಯಿತು. 2014ರಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಿಗೆ ಬಂದ ‘ನಮ್ಮ ವೈಫೈ’ ಕೂಡ ಮೊಬೈಲ್ ಸಂಖ್ಯೆ ಕೇಳಿಯೇ ಒಳಗೆ ಬಿಡುತ್ತಿತ್ತು.

2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಗೂಗಲ್ ಮತ್ತು ರೈಲ್ವೆಯ ದೂರಸಂಪರ್ಕ ಸಂಸ್ಥೆ ರೈಲ್‌ಟೆಲ್ ಕೈಜೋಡಿಸಿದವು. ಹಳಿಗಳ ಪಕ್ಕದ ಫೈಬರ್ ರೈಲ್‌ಟೆಲ್‌ನದು, ವೈಫೈ ತಂತ್ರಜ್ಞಾನ ಗೂಗಲ್‌ನದು. 2018ರ ಹೊತ್ತಿಗೆ ಅದು 400 ನಿಲ್ದಾಣಗಳನ್ನು ಮುಟ್ಟಿತು. ಮೊಬೈಲ್ ಡೇಟಾ ಅಗ್ಗವಾಗಿದೆ ಎಂದು 2020ರಲ್ಲಿ ಗೂಗಲ್ ಹಿಂದೆ ಸರಿಯಿತು. ರೈಲ್‌ಟೆಲ್ ಸೇವೆಯನ್ನು ಮುಂದುವರಿಸಿತು.

ಆದರೆ ಪ್ರತಿ ಜಾಲಕ್ಕೂ ತನ್ನದೇ ಲಾಗಿನ್ ಪುಟ, ಪ್ರತಿ ಕಡೆಯೂ ಹೊಸ ಒಟಿಪಿ. ಈ ಕಿರಿಕಿರಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರಲ್ಲಿ ಕೊಟ್ಟ ಪರಿಹಾರವೇ, 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದ ಸಾರ್ವಜನಿಕ ವೈಫೈ ಯೋಜನೆ ಪಿಎಂ-ವಾಣಿ. ನನ್ನ ಮಟ್ಟಿಗೆ ಈ ಇತಿಹಾಸದ ಅತ್ಯಂತ ಜಾಣ ಹೆಜ್ಜೆ ಇದು. ವೈಫೈ ಕೊಡುವ ಕೆಲಸವನ್ನೂ ಗುರುತು ಪರಿಶೀಲಿಸುವ ಕೆಲಸವನ್ನೂ ಅದು ಬೇರೆ ಮಾಡಿತು. ಕಿರಾಣಿ ಅಂಗಡಿಯವರು ಪರವಾನಗಿ, ಶುಲ್ಕ, ನೋಂದಣಿ ಯಾವುದೂ ಇಲ್ಲದೆ ಸಾರ್ವಜನಿಕ ಡೇಟಾ ಕಚೇರಿ, ಅಂದರೆ ವೈಫೈ ಮಾರುವ ತಾಣ, ತೆರೆಯಬಹುದು. ಹಲವು ಅಂಗಡಿಗಳ ಲೆಕ್ಕ ನೋಡುವ, ಬಳಕೆಗೆ ಅನುಮತಿ ಕೊಡುವ ಹೊಣೆ ಅವುಗಳನ್ನು ಒಟ್ಟುಗೂಡಿಸುವ ಒಬ್ಬ ಅಗ್ರಿಗೇಟರ್‌ನದು. ಬಳಕೆದಾರರನ್ನು ನೋಂದಾಯಿಸಿಕೊಳ್ಳುವುದು ಆ್ಯಪ್. ಯಾರು ನಂಬಿಕಸ್ಥರು ಎಂಬ ಪಟ್ಟಿಯನ್ನು ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಕೇಂದ್ರೀಯ ನೋಂದಣಿ ಇಟ್ಟುಕೊಂಡಿರುತ್ತದೆ. ಹೀಗಾಗಿ ಒಂದು ಸಲ ಆ್ಯಪ್‌ನಲ್ಲಿ ಗುರುತು ಸಾಬೀತಾದರೆ ಸಾಕು, ಬೇರೊಬ್ಬ ಅಗ್ರಿಗೇಟರ್‌ನ ಜಾಲವೂ ಅದನ್ನು ಒಪ್ಪುತ್ತದೆ. ಗಿರಾಕಿಯ ಗುರುತಿನ ಚೀಟಿ ಅಂಗಡಿಯವರ ಕೈಗೆ ಹೋಗುವ ಪ್ರಮೇಯವೇ ಇಲ್ಲ.

ಆದರೂ 2022ರೊಳಗೆ ಒಂದು ಕೋಟಿ ಹಾಟ್‌ಸ್ಪಾಟ್ ಎಂದು 2018ರ ದೂರಸಂಪರ್ಕ ನೀತಿ ಇಟ್ಟುಕೊಂಡ ಗುರಿಯ ಹತ್ತಿರಕ್ಕೂ ನಾವು ಹೋಗಲಿಲ್ಲ. ತೊಡಕು ಇದ್ದದ್ದು ಹಣದಲ್ಲಿ. ಎರಡು, ಐದು ರೂಪಾಯಿಯ ಡೇಟಾ ಮಾರುವ ಸಣ್ಣ ಅಂಗಡಿಗೆ ದುಬಾರಿ ವಾಣಿಜ್ಯ ಲೈನಿನ ಬಾಡಿಗೆ ಹೇಗೆ ಗಿಟ್ಟೀತು? ಮನೆಗಳಿಗೆ ಕೊಡುವ ಫೈಬರ್ ಬ್ರಾಡ್‌ಬ್ಯಾಂಡ್ ದರದ ಎರಡು ಪಟ್ಟಿಗಿಂತ ಹೆಚ್ಚನ್ನು ಇವರಿಂದ ಪಡೆಯುವಂತಿಲ್ಲ ಎಂದು ಟ್ರಾಯ್ ಮಿತಿ ಹಾಕಿದ್ದು 2025ರ ಜೂನ್‌ನಲ್ಲಿ, ಅದೂ 200 ಎಂಬಿಪಿಎಸ್ ವೇಗದವರೆಗಿನ ಸಂಪರ್ಕಗಳಿಗೆ. ಯೋಜನೆಗೆ ಒಪ್ಪಿಗೆ ಸಿಕ್ಕ ದಿನವೇ ಆಗಬೇಕಿದ್ದ ಕೆಲಸವಿದು.