ಕಂಬಿಯೊಳಗಿನ 2 ಕಿಲೋ ಇಂಗಾಲ

ಯಾವ ಜಾತಿಯ ಉಕ್ಕು ಎಂದು ಗುರುತಿಲ್ಲದ ತುಂಡು ಕೈಗೆ ಬಂದರೆ ಮೊದಲು ಅದನ್ನು ಗ್ರೈಂಡಿಂಗ್ ಚಕ್ರಕ್ಕೆ ಹಿಡಿಯುತ್ತೇನೆ. ಲ್ಯಾಬ್ ವರದಿ ಆಮೇಲೆ. ಮೆದು ಉಕ್ಕಾದರೆ ಕಿಡಿಗಳು ಉದ್ದನೆ ಗೆರೆ ಎಳೆದು ಸುಮ್ನೆ ಆರಿಹೋಗುತ್ತವೆ. ಇಂಗಾಲ ಜಾಸ್ತಿ ಇದ್ದರೆ ಕಿಡಿಯ ತುದಿ ಒಡೆದು ನಕ್ಷತ್ರದ ಹಾಗೆ ಚದುರುತ್ತದೆ. ಹಾರುತ್ತಿರುವ ಕಣದೊಳಗಿನ ಇಂಗಾಲ ಆಮ್ಲಜನಕದ ಜೊತೆ ಸೇರಿ ಅನಿಲವಾಗಿ, ಕಣವನ್ನೇ ಸಿಡಿಸಿಬಿಡುತ್ತದೆ. ಕೆಲಸ ಕಲಿಯಲು ಬಂದವರಿಗೆ ನಾನು ಮೊದಲ ದಿನ ತೋರಿಸುವುದು ಇದನ್ನೇ. ಬಿಸಿಯೇರಿದ ಇಂಗಾಲ ಆಮ್ಲಜನಕವನ್ನು ಕಂಡರೆ ಬಿಡುವುದಿಲ್ಲ. ಮುಂದಿನ ಕಥೆಯೆಲ್ಲ ಈ ಗುಣದ ಸುತ್ತಲೇ ಇದೆ.

ಈಚೆಗೆ ‘ಇಂಗಾಲ ಇಲ್ಲದ ಉಕ್ಕು’ ಎಂಬ ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. ಅದರ ಹಿಂದಿನ ಹವಾಮಾನದ ಕಾಳಜಿ ನನಗೂ ಇದೆ, ಆದರೆ ಮಾತು ತಪ್ಪು. ಇಂಗಾಲವನ್ನು ಪೂರ್ತಿ ತೆಗೆದರೆ ಉಳಿಯುವುದು ಮೆತ್ತನೆಯ ಕಬ್ಬಿಣ. ಕಬ್ಬಿಣದ ಪರಮಾಣುಗಳು ಸಾಲುಸಾಲಾಗಿ ಕೂತಿರುತ್ತವೆ. ಬಗ್ಗಿಸಿದಾಗ ಒಂದು ಸಾಲು ಇನ್ನೊಂದರ ಮೇಲೆ ಜಾರುತ್ತದೆ. ಇಂಗಾಲದ ಪರಮಾಣು ತೀರಾ ಚಿಕ್ಕದು. ಅದು ಸಂದಿಗಳಲ್ಲಿ ತೂರಿ ಕೂತು ಆ ಜಾರಾಟಕ್ಕೆ ಅಡ್ಡ ನಿಲ್ಲುತ್ತದೆ. ಕಟ್ಟಡದ ಕಂಬಿಗೆ ಸುಮಾರು ಶೇ 0.2ರಷ್ಟು ಸಾಕು. ರೈಲು ಹಳಿಗೆ ಶೇ 0.7ರ ಆಸುಪಾಸು ಬೇಕು. ಅರದಂಥ ಉಪಕರಣಕ್ಕೆ ಶೇ 1 ದಾಟಬಹುದು. ಶೇ 2 ಮೀರಿದರೆ ಅದು ಬೀಡು ಕಬ್ಬಿಣ. ಎರಕ ಹೊಯ್ಯಲು ಚೆನ್ನಾಗಿರುತ್ತದೆ, ಸುತ್ತಿಗೆಯ ಏಟಿಗೆ ಮಾತ್ರ ಒಡೆಯುತ್ತದೆ.

ಬಿಸಿಯೂ ಇಲ್ಲಿ ಆಟವಾಡುತ್ತದೆ. ಶುದ್ಧ ಕಬ್ಬಿಣ 912 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ. ಆ ಜೋಡಣೆಯಲ್ಲಿ ಶೇ 2ರವರೆಗೂ ಇಂಗಾಲ ಕರಗಬಲ್ಲದು. ಹಳೆಯ ಜೋಡಣೆಯಲ್ಲಿ ಶೇ 0.02 ಮಾತ್ರ. ಕೆಂಪಗೆ ಕಾದ ಉಕ್ಕನ್ನು ನೀರಿಗೋ ಎಣ್ಣೆಗೋ ಅದ್ದಿದರೆ ಇಂಗಾಲಕ್ಕೆ ಹೊರಬರಲು ಹೊತ್ತೇ ಸಿಗದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಉಕ್ಕಿನ ಗಡಸುತನ ಬರುವುದು ಆ ಬಿಗಿತದಿಂದ.

ಒಮ್ಮೆ ಒಂದಷ್ಟು ಸ್ಪ್ರಿಂಗ್‌ಗಳು ನನ್ನ ಮೇಜಿಗೆ ಬಂದವು. ಎಲ್ಲವೂ ಅವಧಿಗೆ ಮೊದಲೇ ಮುರಿದಿದ್ದವು. ಉಕ್ಕು ಸರಿಯಾಗಿಯೇ ಇತ್ತು. ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊರಮೈಯ ಕೂದಲೆಳೆಯಷ್ಟು ದಪ್ಪದ ಪದರದಲ್ಲಿ ಇಂಗಾಲವೇ ಇರಲಿಲ್ಲ! ಕಾಯಿಸುವ ಕುಲುಮೆಗೆ ಗಾಳಿ ನುಗ್ಗಿ, ಮೈಮೇಲಿನ ಇಂಗಾಲವನ್ನು ಸುಟ್ಟುಹಾಕಿತ್ತು. ಮೆದುವಾದ ಆ ಚರ್ಮದಲ್ಲೇ ಬಿರುಕು ಹುಟ್ಟಿತ್ತು. ಇಷ್ಟು ಚೂರು ಇಂಗಾಲ ಎಷ್ಟು ಮುಖ್ಯ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಸ್ಪ್ರಿಂಗ್‌ಗಳು.

ಹಾಗಾದರೆ ಹವಾಮಾನಕ್ಕೆ ತೊಂದರೆ ಎಲ್ಲಿಂದ? ಉಕ್ಕಿನೊಳಗೆ ಉಳಿಯುವ ಇಂಗಾಲದಿಂದ ಅಲ್ಲ, ಅದಿರಿನಿಂದ ಕಬ್ಬಿಣ ಬಿಡಿಸಲು ಖರ್ಚಾಗುವ ಇಂಗಾಲದಿಂದ. ಅದಿರು ಎಂದರೆ ಆಮ್ಲಜನಕ ಕಚ್ಚಿಕೊಂಡಿರುವ ಕಬ್ಬಿಣ. ಅದಿರಿನಿಂದ ಕಬ್ಬಿಣ ತೆಗೆಯುವ ದೊಡ್ಡ ಕುಲುಮೆ, ಬ್ಲಾಸ್ಟ್ ಫರ್ನೇಸ್‌ನಲ್ಲಿ ಕೋಕ್, ಅಂದರೆ ಗಾಳಿ ತಾಗದಂತೆ ಕಾಯಿಸಿದ ಕಲ್ಲಿದ್ದಲು, ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದು ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. 1709ರಲ್ಲಿ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಇದ್ದಿಲಿನ ಬದಲು ಕೋಕ್ ಬಳಸಿ ಕಬ್ಬಿಣ ತೆಗೆದರು. ಇದ್ದಿಲು ಭಾರಕ್ಕೆ ಪುಡಿಯಾಗುತ್ತದೆ, ಕೋಕ್ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಹಾಗಾಗಿ ಕುಲುಮೆಗಳು ಎತ್ತರವಾಗುತ್ತ ಹೋದವು. ಅಲ್ಲಿಂದ ಇಳಿಯುವ ಕಬ್ಬಿಣದಲ್ಲಿ ಶೇ 4ರಷ್ಟು ಇಂಗಾಲ ಸೇರಿರುತ್ತದೆ. ಆಮ್ಲಜನಕ ಊದಿ ಅದನ್ನು ಸುಟ್ಟು ಕಡಿಮೆ ಮಾಡಿದ ಮೇಲೆಯೇ ಉಕ್ಕು.

ಈ ದಾರಿಯಲ್ಲಿ 1 ಟನ್ ಉಕ್ಕಿಗೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. 12 ಕಿಲೋ ಇಂಗಾಲ ಉರಿದರೆ 44 ಕಿಲೋ ಕಾರ್ಬನ್ ಡೈಆಕ್ಸೈಡ್. ಅಂದರೆ ಚಿಮಣಿಯಿಂದ ಹೋದದ್ದು ಅರ್ಧ ಟನ್ನಿಗಿಂತ ಜಾಸ್ತಿ ಇಂಗಾಲ. ಕಂಬಿಯಲ್ಲಿ ಉಳಿದದ್ದು? 2 ಕಿಲೋ.

ಆ ಅರ್ಧ ಟನ್ ಇಂಗಾಲವನ್ನು ನಮಗೆ ಕೂಡಿಟ್ಟವರು ಯಾರು? ಎಲೆಗಳು. ಎಲೆ ಮಾಡುವುದು ಕುಲುಮೆಗೆ ಪೂರ್ತಿ ತಿರುಗುಮುರುಗಾದ ಕೆಲಸ. ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿ, ಬಿಸಿಲಿನ ಬಲದಿಂದ ಇಂಗಾಲವನ್ನು ಮೈಗೂಡಿಸಿಕೊಂಡು, ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಗಿಡ ಸತ್ತು ಕೊಳೆತರೆ ಆ ಇಂಗಾಲ ಮತ್ತೆ ಗಾಳಿಗೆ ಸೇರುತ್ತದೆ. ಸುಮಾರು 30 ಕೋಟಿ ವರ್ಷಗಳ ಹಿಂದೆ ಕೊಳೆಯದೆ ಜೌಗಿನಲ್ಲಿ ಹೂತುಹೋದ ಗಿಡಮರಗಳೇ ಇವತ್ತಿನ ಎಷ್ಟೋ ಕಲ್ಲಿದ್ದಲು. ಕೋಕ್‌ನ ಶಕ್ತಿ ನಿಜವಾಗಿ ಆ ಕಾಲದ ಬಿಸಿಲಿನದು.

1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಗಾಳಿಯನ್ನು ಅಳೆಯಲು ಶುರು ಮಾಡಿದರು. ಆಗ ಗಾಳಿಯ 10 ಲಕ್ಷ ಅಣುಗಳಲ್ಲಿ ಸುಮಾರು 315 ಕಾರ್ಬನ್ ಡೈಆಕ್ಸೈಡ್‌ನವು. ಈಗ 420 ದಾಟಿದೆ. ಕೈಗಾರಿಕೆಗಳಿಗೆ ಮುಂಚೆ 280ರಷ್ಟಿತ್ತು. ಆ ಅಳತೆಗಳ ನಕ್ಷೆಯಲ್ಲಿ ಪ್ರತಿ ವರ್ಷವೂ ಗೆರೆ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಉತ್ತರಾರ್ಧ ಗೋಳದ ಕಾಡು ಚಿಗುರಿದಾಗ ಇಳಿತ, ಎಲೆ ಉದುರಿ ಕೊಳೆಯುವಾಗ ಏರಿಕೆ. ಆ ಏರಿಳಿತವನ್ನು ನೋಡುತ್ತಾ ಕೂರುವುದೆಂದರೆ ನನಗೆ ಬಹಳ ಇಷ್ಟ, ಭೂಮಿ ಉಸಿರಾಡುತ್ತಿದೆ ಅನ್ನಿಸುತ್ತದೆ ಅಲ್ವಾ? ಆದರೆ ಇಡೀ ಗೆರೆ ಮೇಲಕ್ಕೆ ವಾಲಿರುವುದು, ಬಹುಪಾಲು, ನೆಲದಡಿ ಹೂತಿದ್ದ ಇಂಗಾಲವನ್ನು ನಾವು ತೆಗೆದು ಉರಿಸಿದ್ದಕ್ಕೆ. ಅದರಲ್ಲಿ ನನ್ನ ಕಸುಬಿನ ಪಾಲು ದೊಡ್ಡದು. ಜಗತ್ತಿನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 7 ಉಕ್ಕಿನ ಉದ್ಯಮದ್ದು.

ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಹೊರೆ ಬಹಳ ಇಳಿಯುತ್ತದೆ, ಏಕೆಂದರೆ ಆಮ್ಲಜನಕ ಕೀಳುವ ಕೆಲಸ ಎಂದೋ ಮುಗಿದಿರುತ್ತದೆ. ಆದರೆ ಜಗತ್ತಿಗೆ ಬೇಕಾದಷ್ಟು ಗುಜರಿ ಇಲ್ಲ. ಅದಿರಿಗೆ ಇನ್ನೊಂದು ದಾರಿ ಜಲಜನಕ. ಅದೂ ಆಮ್ಲಜನಕವನ್ನು ಕೀಳುತ್ತದೆ, ಹೊರಬರುವುದು ನೀರಿನ ಆವಿ. 2021ರಲ್ಲಿ ಸ್ವೀಡನ್ನಿನ ಪ್ರಾಯೋಗಿಕ ಘಟಕವೊಂದು ಹೀಗೆ ಕಬ್ಬಿಣ ತೆಗೆದು ತೋರಿಸಿತು. ಜಲಜನಕವನ್ನು ನೀರಿನಿಂದ ಬಿಡಿಸಲು ಮಾತ್ರ ಅಪಾರ ವಿದ್ಯುತ್ ಬೇಕು. ಎಲೆಗಳು ಕೋಟ್ಯಂತರ ವರ್ಷ ಬಿಸಿಲಿನಲ್ಲಿ ಮಾಡಿಟ್ಟಿದ್ದ ಕೆಲಸವನ್ನು ಈಗ ನಾವೇ ಮಾಡಬೇಕು, ಅದಕ್ಕೇ ಅದು ದುಬಾರಿ.

ಹಾಗೆ ಬರಿ ಜಲಜನಕದಿಂದ ತೆಗೆದ ಕಬ್ಬಿಣದಲ್ಲಿ ಇಂಗಾಲ ಇರುವುದಿಲ್ಲ. ಕರಗಿಸುವಾಗ ಬೇರೆಯಾಗಿ ಸೇರಿಸಬೇಕು, ಟನ್ನಿಗೆ ಅದೇ 2 ಕಿಲೋ. ಅಷ್ಟಕ್ಕೆ ಕಲ್ಲಿದ್ದಲೇ ಆಗಬೇಕೆಂದಿಲ್ಲ, ಮೊನ್ನೆ ಮೊನ್ನೆ ಬೆಳೆದ ಮರದ ಇದ್ದಿಲಾದರೂ ನಡೆಯುತ್ತದೆ.